ಮರೆ ತಪ್ಪಿದ ಗಳಿಗೆ

ಹೆತ್ತವರು ಇಟ್ಟ ಹೆಸರು ಬೇರೆ ಇದ್ದರೂ ಅವಳನ್ನು ಈಗ ಎಲ್ಲರೂ ಕರೆಯುವುದು ಸೂಜಿ ಎಂದೇ. ಹೆಸರು ಕೊಟ್ಟವರು ಅವಳು ಒಮ್ಮೆಯೂ ಮುಖ ನೋಡದ ಮೂರು ಜನ. ಒಬ್ಬೊಬ್ಬರು ಒಂದೊಂದು ಊರಲ್ಲಿ ಕೂತು, ಅವಳ ಜೊತೆ ಸೇರಿ ‘ಮರೆ’ ಎನ್ನುವ ಸಾಫ್ಟ್‌ವೇರನ್ನು ನೋಡಿಕೊಳ್ಳುವವರು. ಹೊಲಿಗೆ ಎಲ್ಲಿ ಬಿಟ್ಟಿದೆ ಎಂದು ಹುಡುಕಿ ಚುಚ್ಚಿ ತೋರಿಸುತ್ತಾಳೆ ಎಂದು ಆ ಹೆಸರು. ಅಕ್ಕ ಅದನ್ನು ಕೇಳಿ ನಕ್ಕು, “ಸರಿಯಾಗೇ ಇಟ್ಟಿದ್ದಾರೆ ಬಿಡು, ಹುಟ್ಟಿದಾಗಿನಿಂದ ನನ್ನ ಚುಚ್ಚೋದೇ ನಿನ್ನ ಕೆಲಸ” ಎಂದವಳು ತಾನೂ ಹಾಗೇ ಕರೆಯತೊಡಗಿದಳು.

ಹಗಲು ಸೂಜಿಗೆ ಬಸ್ ಕಂಪನಿಯೊಂದರಲ್ಲಿ ನೌಕರಿ. ಟಿಕೆಟ್ ಯಂತ್ರಗಳು ಕೆಟ್ಟರೆ ನೋಡುವುದು. ಮರೆಯ ಕೆಲಸವೇನಿದ್ದರೂ ಬೆಳಿಗ್ಗೆ ಕಚೇರಿಗೆ ಹೊರಡುವ ಮುಂಚೆ, ಇಲ್ಲವೇ ರಜಾದಿನ. ಅದಕ್ಕೆ ಸಂಬಳವೂ ಇಲ್ಲ, ಯಜಮಾನನೂ ಇಲ್ಲ. ಬರೆದ ಒಂದೊಂದು ಸಾಲನ್ನೂ ಲೋಕದ ಕಣ್ಣೆದುರು ತೆರೆದಿಟ್ಟಿರುತ್ತಾರೆ. ಯಾರು ಬೇಕಾದರೂ ಓದಬಹುದು, ತಪ್ಪು ತೋರಿಸಬಹುದು, ತಿದ್ದಿ ಕಳಿಸಬಹುದು.

ಮರೆಯನ್ನು ಫೋನಿಗೆ ಹಾಕಿಕೊಂಡರೆ, ನೀವು ಯಾವುದಾದರೂ ಪುಟ ತೆರೆದಾಗ ನಿಮ್ಮ ಕೋರಿಕೆ ನೇರವಾಗಿ ಹೋಗುವುದಿಲ್ಲ. ಮೂವರು ಅಪರಿಚಿತರ ಕಂಪ್ಯೂಟರುಗಳ ಮೂಲಕ ಕೈಯಿಂದ ಕೈಗೆ ದಾಟಿ ಹೋಗುತ್ತದೆ. ಆ ಪುಟ ನಡೆಸುವವನಿಗೆ ಕೊನೆಯ ಕೈ ಮಾತ್ರ ಕಾಣುತ್ತದೆ. ನೀವು ಯಾರು, ಯಾವ ಊರಿನಲ್ಲಿದ್ದೀರಿ ಎನ್ನುವುದು ಕಾಣುವುದಿಲ್ಲ. ಇಷ್ಟೇ ಅದರ ಕೆಲಸ. ಆದರೆ ಕೆಲವರಿಗೆ ಈ ಇಷ್ಟೇ ಎನ್ನುವುದು ಪ್ರಾಣಕ್ಕೆ ಸಮ.

ಸೂಜಿಗೆ ಹೆಸರಿಟ್ಟ ಮೂವರಲ್ಲಿ ಮರೆಯನ್ನು ಮೊದಲು ಶುರುಮಾಡಿದವರು ತಾತ. ವಯಸ್ಸು ಎಷ್ಟೆಂದು ಯಾರಿಗೂ ಗೊತ್ತಿಲ್ಲ, ಬರೆಯುವ ಧಾಟಿಗೆ ಬಂದ ಹೆಸರು. ಇನ್ನೊಬ್ಬರು ಅಗಸ, ಬೇರೆಯವರು ಬರೆದದ್ದನ್ನು ಒಗೆದು, ಹಿಂಡಿ, ಒಣಹಾಕಿದ ಮೇಲೇ ಒಳಗೆ ಬಿಡುವವರು. ಮೂರನೆಯವರು ಮುಳ್ಳು. ಅವರ ಬಗ್ಗೆ ಬಿಡಿಸಿ ಹೇಳಬೇಕಾದ್ದಿಲ್ಲ.

ಒಂದು ಶನಿವಾರ ಬೆಳಿಗ್ಗೆ ನಾಲ್ವರಿಗೂ ಒಂದು ಪತ್ರ ಬಂತು. ಬರೆದವರು ತಮ್ಮ ಹೆಸರು ಹೇಳಿರಲಿಲ್ಲ. ಫೋನು ಮನೆಯ ವೈಫೈ ಬಿಟ್ಟು ಮೊಬೈಲ್ ಡೇಟಾಕ್ಕೆ ಬದಲಾಗುವಾಗ ಮರೆ ಒಂದು ಗಳಿಗೆ ಕಡಿದುಹೋಗುತ್ತದೆ. ಮತ್ತೆ ಜೋಡಣೆಯಾಗುವ ತನಕ ಅದು ಎಲ್ಲವನ್ನೂ ತಡೆದು ಹಿಡಿದಿರಬೇಕು. ಹಾಗೆ ಹಿಡಿಯುತ್ತಿಲ್ಲ, ಆ ಸಂದಿಯಲ್ಲಿ ಪುಟ ತೆರೆದರೆ ಕೋರಿಕೆ ಬಟಾಬಯಲಲ್ಲಿ ನೇರವಾಗಿ ಹೋಗಿಬಿಡುತ್ತದೆ. ಇದಿಷ್ಟು ವಿಷಯ. ಕೊನೆಗೆ, ‘ನನ್ನ ತಪ್ಪು ತಿಳುವಳಿಕೆಯಾಗಿದ್ದರೆ ಸಂತೋಷ’ ಎಂದಿತ್ತು.

ಸೂಜಿಗೂ ಅದೇ ಆಸೆ. ಪರೀಕ್ಷೆಗೆಂದು ತಾನೇ ಇಟ್ಟುಕೊಂಡಿದ್ದ ಒಂದು ಖಾಲಿ ಪುಟವಿತ್ತು. ಅದಕ್ಕೆ ಯಾರು ಬಂದರೂ ಎಲ್ಲಿಂದ ಬಂದರೆಂದು ಬರೆದುಕೊಳ್ಳುತ್ತದೆ. ಫೋನಿನಲ್ಲಿ ಮರೆ ಹಾಕಿ, ಆ ಪುಟವನ್ನು ಒಂದೇಸಮನೆ ತೆರೆಯುತ್ತಾ ತನ್ನ ಮನೆಯಿಂದ ಮೆಟ್ಟಿಲಿಳಿದು ಬೀದಿಯ ತನಕ ಹೋದಳು. ಹತ್ತಿ ಬಂದು ನೋಡಿದಳು, ಏನೂ ಇಲ್ಲ. ಮತ್ತೆ ಇಳಿದಳು, ಮತ್ತೆ ಹತ್ತಿದಳು. ಕೆಳಗಿನ ಮನೆಯ ನಿವೃತ್ತ ಮೇಷ್ಟರು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದವರು ನೋಡಿ ನೋಡಿ ಸಾಕಾಗಿ ಕೇಳಿದರು: “ಏನಮ್ಮಾ, ಡಾಕ್ಟ್ರು ಹೇಳಿದ್ರಾ, ಇಲ್ಲ ಏನಾದ್ರೂ ಬೀಳಿಸ್ಕೊಂಡ್ಯಾ?”

“ಬೀಳಿಸ್ಕೊಂಡಿಲ್ಲ ಸಾರ್. ಬೀಳುತ್ತಾ ಅಂತ ನೋಡ್ತಿದ್ದೀನಿ.”

“ನೋಡು, ನೋಡು. ಮಂಡಿ ಜೋಪಾನ.”

ಆ ಸಲ ಮೇಲೆ ಬಂದು ನೋಡಿದಾಗ ಅಪರಿಚಿತರ ವಿಳಾಸಗಳ ಸಾಲಿನ ನಡುವೆ ಒಂದು ಬೇರೆ ವಿಳಾಸ ಕೂತಿತ್ತು. ಅವಳ ಸ್ವಂತ ಮೊಬೈಲಿನದು. ಮಗ್ಗುಲಲ್ಲಿ ಊರಿನ ಹೆಸರು.

ಕಾರಣ ಹುಡುಕುವುದು ಕಷ್ಟವಾಗಲಿಲ್ಲ. ಹಿಂದಿನ ಬಿಡುಗಡೆಯಲ್ಲಿ ಜೋಡಣೆ ಬೇಗ ಆಗಲೆಂದು ಮಾಡಿದ್ದ ಒಂದು ಬದಲಾವಣೆ. ಹಳೇ ಬಾಗಿಲು ಮುಚ್ಚುವುದಕ್ಕೂ ಹೊಸದು ತೆರೆಯುವುದಕ್ಕೂ ನಡುವೆ ಕಾವಲೇ ಇಲ್ಲದ ಒಂದು ಸಂದಿ ಉಳಿದಿತ್ತು. ಬರೆದವರು ತಾತ, ಒಗೆದವರು ಅಗಸ, ಸರಿಯೆಂದು ತಲೆಯಾಡಿಸಿದವರು ಮುಳ್ಳು ಮತ್ತು ಸೂಜಿ. ಯಾರ ಕಡೆಗೂ ಬೆರಳು ತೋರಿಸುವ ಹಾಗಿರಲಿಲ್ಲ. ಗುಂಪಿಗೆ ಬರೆದಳು: ‘ಪತ್ರ ನಿಜ. ನನ್ನ ಫೋನಿನಲ್ಲೇ ನೋಡಿದೆ.’

ಇಂಥದ್ದಕ್ಕೆ ಅವರಲ್ಲಿ ಒಂದು ಕಟ್ಟುಪಾಡಿತ್ತು. ಸರಿಪಡಿಸಿದ್ದು ಹೊರಬೀಳುವ ತನಕ ನಾಲ್ವರನ್ನು ಬಿಟ್ಟು ಐದನೆಯ ಕಿವಿಗೆ ಹೋಗಕೂಡದು. ತೂತಿದೆ ಎಂದು ಗೊತ್ತಾದರೆ ಮೊದಲು ಓಡಿ ಬರುವವನು ಕಳ್ಳ, ಆಮೇಲೆ ಮನೆಯವನು. ನ್ಯಾಯವಾದ ಮಾತೇ. ತಾತ ಬುಧವಾರಕ್ಕೆ ಬಿಡುಗಡೆ ಎಂದರು. ಅಲ್ಲಿಯ ತನಕ ಕೂಲಂಕಷವಾಗಿ ತಿದ್ದಿ, ಎಲ್ಲ ಬಗೆಯ ಫೋನುಗಳಲ್ಲೂ ಪರೀಕ್ಷಿಸಬೇಕು. ಎಲ್ಲರೂ ಒಪ್ಪಿದರು. ಸೂಜಿಯೂ ಒಪ್ಪಿದಳು.

ಭಾನುವಾರ ಮಧ್ಯಾಹ್ನದ ಊಟ ಅಕ್ಕನ ಜೊತೆ. ಅಕ್ಕ ನಡೆಸುವುದು ಒಂದು ಆಸರೆಮನೆ. ಗಂಡನ ಹೊಡೆತ ತಾಳಲಾರದೆ ಓಡಿಬಂದ ಹೆಂಗಸರು ತಮ್ಮ ಕಾಲ ಮೇಲೆ ನಿಲ್ಲುವ ತನಕ ಇರುವ ಜಾಗ. ಬೇಕರಿಯೊಂದರ ಹಿಂದಿನ ಹಳೇ ಕಟ್ಟಡ, ಬೋರ್ಡಿಲ್ಲ, ಎತ್ತರದ ಗೇಟು. ಅಲ್ಲಿನವರ ಫೋನುಗಳಿಗೆಲ್ಲ ಮರೆಯನ್ನು ಹಾಕಿ ಕೊಟ್ಟವಳು ಸೂಜಿಯೇ. ಒಬ್ಬೊಬ್ಬರನ್ನೂ ಪಕ್ಕದಲ್ಲಿ ಕೂರಿಸಿಕೊಂಡು, “ಈ ದೀಪ ಹಸಿರಾಗಿದ್ರೆ ನಿಮ್ಮನ್ನ ಯಾರೂ ಕಾಣಲ್ಲ” ಎಂದು ಹೇಳಿಕೊಟ್ಟಿದ್ದಳು.

ಊಟದ ಮೇಜಿನಲ್ಲಿ ಎದುರಿಗೆ ಕೂತವಳು ಟೈಲರಕ್ಕ. ಬಂದು ಒಂದು ಮಳೆಗಾಲ ಕಳೆದಿತ್ತು. ಅಕ್ಕ ಕೊಡಿಸಿದ ಹೊಲಿಗೆ ಯಂತ್ರದಲ್ಲಿ ಬೀದಿಯ ಅರ್ಧ ಜನರ ಬಟ್ಟೆ ಅವಳ ಕೈಯಿಂದಲೇ ಹೊರಬೀಳುತ್ತಿತ್ತು. “ನಾನು ಟೈಲರು, ನೀನು ಸೂಜಿ. ನಾವಿಬ್ರೂ ಸೇರಿ ಅಂಗಡಿ ಹಾಕೋಣ ತಂಗೀ” ಎಂದು ಸಿಕ್ಕಾಗಲೆಲ್ಲ ರೇಗಿಸುವವಳು. ಅವಳ ಗಂಡ ಫೋಟೋಗ್ರಾಫರ್, ಮದುವೆ ಮುಂಜಿಗಳಿಗೆ ಊರೂರು ಸುತ್ತುವವನು. ಯಾವ ದಿನ ಯಾವ ಊರಿನಲ್ಲಿ ಕೆಲಸ ಎಂದು ತನ್ನ ಸ್ಟುಡಿಯೋದ ವೆಬ್‌ಪುಟದಲ್ಲಿ ಹಾಕಿಕೊಳ್ಳುತ್ತಿದ್ದ.

“ಇವತ್ತು ನಿರಾಳ. ಬಂದರಿನ ಕಡೆ ಮದುವೆಯಂತೆ ಅವನಿಗೆ, ಪುಟದಲ್ಲಿ ಹಾಕಿದ್ದಾನೆ” ಎಂದಳು ಟೈಲರಕ್ಕ ತಟ್ಟೆಗೆ ಕೈಹಾಕುತ್ತಾ. “ಊಟ ಆದ್ಮೇಲೆ ಗುಂಡಿ ಅಂಗಡಿಗೆ ಹೋಗಿ ಬರ್ತೀನಿ. ದಾರ ಮುಗಿದಿದೆ.”

“ದಿನಾ ನೋಡ್ತೀರಾ ಆ ಪುಟಾನ?” ಸೂಜಿ ಕೇಳಿದಳು.

“ನೋಡದೆ ಹೊಸ್ತಿಲು ದಾಟಲ್ಲ. ಎದ್ದ ತಕ್ಷಣ ಒಂದ್ಸಲ. ಹೊರಗೆ ಹೋಗೋದಿದ್ರೆ ಗೇಟಿನ ಹತ್ರ ನಿಂತು ಇನ್ನೊಂದ್ಸಲ. ಅವನ್ನ ನಾನು ನೋಡ್ತೀನಿ, ನನ್ನ ಅವನು ನೋಡಲ್ಲ. ನೀನು ಮಾಡಿದ ಉಪಕಾರ.”

ಸೂಜಿ ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿದಳು. ಗೇಟಿನ ಹತ್ತಿರ. ವೈಫೈ ಸಾಯುವುದೇ ಅಲ್ಲಿ.

ಅಡುಗೆಮನೆಯಲ್ಲಿ ಅಕ್ಕ ಪಾತ್ರೆ ತೊಳೆಯುತ್ತಿದ್ದಳು. ಸೂಜಿ ಹೋಗಿ ಪಕ್ಕದಲ್ಲಿ ನಿಂತು, “ಅಕ್ಕಾ, ಒಂದೆರಡು ದಿನ ಯಾರೂ ಹೊರಗೆ ಹೋಗುವಾಗ ಫೋನ್ ತೆಗೀದೆ ಇದ್ರೆ ಒಳ್ಳೇದು. ಇಂಟರ್ನೆಟ್ ಒಳಗೇ ಆಫ್ ಮಾಡಿ ಹೋಗ್ಲಿ. ಟೈಲರಕ್ಕ ಇವತ್ತು ಹೋಗೋದೇ ಬೇಡ” ಎಂದಳು.

“ಯಾಕೆ?”

“ಸುಮ್ನೆ. ಮುಂಜಾಗ್ರತೆ.”

ಅಕ್ಕ ನಲ್ಲಿ ನಿಲ್ಲಿಸಿದಳು. “ನೀನು ಸುಳ್ಳು ಹೇಳುವಾಗ ಕೈಗೆ ಸಿಕ್ಕಿದ್ದನ್ನ ತಿರುಗಿಸ್ತೀಯ. ಆ ಲೋಟ ಕೆಳಗಿಡು, ಇಟ್ಟು ಹೇಳು.”

“ಹೇಳೋ ಹಾಗಿಲ್ಲ ಅಕ್ಕಾ.”

“ನಿನ್ನ ಮಾತು ನಂಬಿ ಇಷ್ಟು ಜನಕ್ಕೆ ನಾನು ಧೈರ್ಯ ಹೇಳಿದ್ದೀನಿ. ಈಗ ಹೇಳೋ ಹಾಗಿಲ್ಲ ಅಂದ್ರೆ? ಅವರ ಮುಂದೆ ಹೋಗಿ ನಾನು ಏನನ್ನಬೇಕು?”

ಸೂಜಿ ಲೋಟ ಕೆಳಗಿಟ್ಟು ಎಲ್ಲವನ್ನೂ ಹೇಳಿದಳು. ಅಕ್ಕ ಬೈಯಲಿಲ್ಲ. ಕೈ ಒರೆಸಿಕೊಂಡು ನೆಟ್ಟಗೆ ಒಳಗೆ ಹೋದಳು. ಚಪ್ಪಲಿ ಮೆಟ್ಟಿ ಹೊರಟಿದ್ದ ಟೈಲರಕ್ಕನ ಕೈಯಿಂದ ಚೀಲ ತೆಗೆದುಕೊಂಡು, “ಇವತ್ತು ಬೇಡಮ್ಮ” ಎಂದಳು.

ಮುಚ್ಚಿಡುವುದು ಸೂಜಿಯ ಜಾಯಮಾನವಲ್ಲ. ಅಕ್ಕನ ಮಲಗುವ ಕೋಣೆಯಲ್ಲಿ ಮಂಚದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಗುಂಪಿಗೆ ಬರೆದಳು: ‘ಕಟ್ಟುಪಾಡು ಮುರಿದಿದ್ದೇನೆ. ನನ್ನಕ್ಕನಿಗೆ ಹೇಳಿದೆ. ಅವಳ ಮನೆಯಲ್ಲಿ ಜೀವಭಯ ಇರುವವರಿದ್ದಾರೆ. ನೀವೇನು ತೀರ್ಮಾನ ಮಾಡಿದರೂ ಸರಿ.’

ಮೊದಲು ಉತ್ತರ ಬಂದದ್ದು ಮುಳ್ಳಿನಿಂದ.

‘ನನ್ನ ತಮ್ಮ ಪತ್ರಕರ್ತ. ಅವನಿರುವ ಊರಿನಲ್ಲಿ ಬರೆದದ್ದಕ್ಕೆ ಮೂಳೆ ಮುರಿಯುತ್ತಾರೆ. ಅವನು ದಿನವೂ ಮರೆಯನ್ನು ಬಳಸುತ್ತಾನೆ. ನಿನ್ನೆಯಿಂದ ಅವನ ಜೊತೆ ಎರಡು ಸಲ ಫೋನಿನಲ್ಲಿ ಮಾತಾಡಿದೆ. ಹವಾಮಾನದ ಬಗ್ಗೆ ಮಾತಾಡಿದೆ. ಅಕ್ಕತಂಗಿ, ಅಣ್ಣತಮ್ಮ ಇರುವವರು ನೀವೊಬ್ಬರೇ ಅಂದುಕೊಂಡಿರಾ?’

ಸೂಜಿ ಆ ಸಾಲುಗಳನ್ನು ಎರಡು ಸಲ ಓದಿದಳು. ಕೆನ್ನೆಗೆ ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ಅಕ್ಕನ ಮನೆಯವರು ಈಗ ಗೇಟಿನೊಳಗೆ ಕ್ಷೇಮ, ಏಕೆಂದರೆ ಅವರಿಗೊಬ್ಬ ಸೂಜಿ ಇದ್ದಾಳೆ. ಸೂಜಿ ಇಲ್ಲದ ಮನೆಗಳೆಷ್ಟೋ. ಅವರೆಲ್ಲ ಈ ಹೊತ್ತಿಗೆ ಯಾವುದೋ ಗೇಟಿನ ಹತ್ತಿರ ನಿಂತು, ಹಸಿರು ದೀಪ ನೋಡಿಕೊಂಡು, ಧೈರ್ಯವಾಗಿ ಪುಟ ತೆರೆಯುತ್ತಿದ್ದಾರೆ.

ತಪ್ಪಾಯಿತು ಎಂದು ಬರೆಯಲು ಹೊರಟವಳು ಅದನ್ನು ಅಳಿಸಿ ಬೇರೆಯೇ ಬರೆದಳು: ‘ನೀವು ಹೇಳಿದ್ದು ಸರಿ. ಹಾಗಿದ್ದರೆ ಬುಧವಾರದ ತನಕ ಯಾಕೆ ಕಾಯಬೇಕು? ಸರಿಯಾದ ರಿಪೇರಿಗೆ ಸಮಯ ಬೇಕು, ನಿಜ. ಆದರೆ ಬಾಗಿಲು ಜಡಿಯುವುದಕ್ಕೆ ಬೇಕಿಲ್ಲ. ವೈಫೈ ಬದಲಾದ ಕ್ಷಣ ಮರೆ ಎಲ್ಲವನ್ನೂ ನಿಲ್ಲಿಸಿಬಿಡಲಿ. ಮತ್ತೆ ಜೋಡಿಸಬೇಕಾದರೆ ಜನ ತಾವೇ ಒಂದು ಗುಂಡಿ ಒತ್ತಲಿ. ಇವತ್ತೇ ಬಿಡೋಣ. ಕಾರಣ ಹೇಳುವುದು ಬೇಡ.’

ತಾತನಿಗೆ ಇದು ಹಿಡಿಸಲಿಲ್ಲ. ಮನೆ ಹೊಕ್ಕು ಹೊರಟಾಗಲೆಲ್ಲ ಗುಂಡಿ ಒತ್ತು ಎಂದರೆ ಜನ ಬೇಸತ್ತು ಮರೆಯನ್ನೇ ಕಿತ್ತು ಬಿಸಾಡುತ್ತಾರೆ, ಆಗ ಅವರಿಗೆ ಇರುವ ರಕ್ಷಣೆಯೂ ಹೋಗುತ್ತದೆ ಎಂದರು. ಅದೂ ಸುಳ್ಳಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಕೂತರೆ ಆಗುವುದಿಲ್ಲ ಎಂದು ಅಗಸ ಬರೆದರು. ಕೊನೆಗೆ ಮುಳ್ಳು, ‘ಬರೆಯಿರಿ, ನೋಡೋಣ’ ಎಂದರು. ಅವರ ಭಾಷೆಯಲ್ಲಿ ಅದು ಒಪ್ಪಿಗೆ.

ಬರೆದದ್ದು ಕೈಬೆರಳಲ್ಲಿ ಎಣಿಸುವಷ್ಟು ಸಾಲು. ಅಗಸ ಅದನ್ನು ತೆಗೆದುಕೊಂಡು ಒಗೆದರು. ಹಳೇ ಫೋನುಗಳಲ್ಲಿ ಸೂಜಿಯ ಬಾಗಿಲು ಒಮ್ಮೆ ಮುಚ್ಚಿದರೆ ಮತ್ತೆ ತೆರೆಯುವುದೇ ಇಲ್ಲ, ಗುಂಡಿ ಒತ್ತಿದರೂ ಅಷ್ಟೆ ಎಂದು ತೋರಿಸಿಕೊಟ್ಟರು. ಆಸರೆಮನೆಯಲ್ಲಿ ಹಳೇ ಫೋನಿಗೇನು ಬರ. ಅಕ್ಕನ ಮೇಜಿನ ಡ್ರಾಯರಿನಲ್ಲಿದ್ದ ಎರಡನ್ನು ತೆಗೆದು, ಒಂದಕ್ಕೆ ಗಾಜು ಒಡೆದಿದ್ದರೂ ಬಿಡದೆ ಅದರಲ್ಲೇ ಪರೀಕ್ಷಿಸಿದಳು. ತಿದ್ದಿದಳು. ಮತ್ತೆ ಒಗೆತ, ಮತ್ತೆ ತಿದ್ದುಪಡಿ. ಬಾಗಿಲಲ್ಲಿ ಅಕ್ಕ ಒಂದು ಸಲ ಇಣುಕಿ, ಏನೂ ಕೇಳದೆ, ಚಹಾ ಇಟ್ಟು ಹೋದಳು. ಬೀದಿಯಲ್ಲಿ ದೀಪ ಹತ್ತುವ ಹೊತ್ತಿಗೆ ಹೊಸ ಮರೆ ಲೋಕಕ್ಕೆ ಹೋಯಿತು.

ಬೈಗುಳದ ಸುರಿಮಳೆಗೆ ತಡವಾಗಲಿಲ್ಲ. ‘ಇದ್ದಿದ್ದನ್ನ ಹಾಳು ಮಾಡೋಕೆ ಇವರಿಗೆ ಯಾರು ಹೇಳಿದ್ರು?’ ಎಂದು ಒಬ್ಬರು. ‘ಲಿಫ್ಟ್ ಹತ್ತಿದರೆ ಗುಂಡಿ, ಇಳಿದರೆ ಗುಂಡಿ. ನನ್ನ ಹೆಬ್ಬೆರಳು ಸವೆದಿದೆ’ ಎಂದು ಇನ್ನೊಬ್ಬರು. ಸೂಜಿ ಯಾರಿಗೂ ಉತ್ತರ ಬರೆಯಲಿಲ್ಲ. ಬರೆಯುವ ಹಾಗೂ ಇರಲಿಲ್ಲ.

ಇನ್ನೊಂದು ಕೆಲಸ ಬಾಕಿಯಿತ್ತು, ಅದು ಇದಕ್ಕಿಂತ ಕಷ್ಟದ್ದು. ಟೈಲರಕ್ಕ ತನ್ನ ಕೋಣೆಯಲ್ಲಿ ಯಾರದೋ ಅಂಗಿಯ ಕಾಲರು ಬಿಚ್ಚುತ್ತಿದ್ದಳು. ಸೂಜಿ ಮಂಚದ ತುದಿಯಲ್ಲಿ ಕೂತು, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

ಟೈಲರಕ್ಕನ ಕೈ ನಿಂತಿತು. “ಅಂದ್ರೆ ನಾನು ಅವನ್ನ ನೋಡಿದಾಗಲೆಲ್ಲ ಅವನಿಗೂ ನಾನು ಕಾಣ್ತಿದ್ದೆ.”

“ಯಾವಾಗಲೂ ಅಲ್ಲ. ಗೇಟಿನ ಹತ್ರ ನಿಂತು ನೋಡಿದಾಗ, ಅದೂ ಒಂದೊಂದ್ಸಲ.”

“ಎಷ್ಟು ಹತ್ರ ಕಾಣುತ್ತೆ?”

“ಊರು ಗೊತ್ತಾಗುತ್ತೆ. ಬೀದಿ, ಮನೆ ಗೊತ್ತಾಗಲ್ಲ. ಅವನು ಅದನ್ನೆಲ್ಲ ನೋಡ್ತಾನೋ ಇಲ್ವೋ ಅದೂ ಗೊತ್ತಿಲ್ಲ.”

“ನೋಡ್ತಾನೆ” ಎಂದಳು ಟೈಲರಕ್ಕ. “ಯಾರು ಬಂದ್ರು, ಎಷ್ಟು ಜನ ನೋಡಿದ್ರು ಅಂತ ದಿನಾ ಎಣಿಸೋ ಮನುಷ್ಯ ಅವನು. ಈ ಊರಲ್ಲಿ ಅವನಿಗೆ ಗಿರಾಕಿ ಇಲ್ಲ, ನೆಂಟರಿಲ್ಲ. ಇಲ್ಲಿಂದ ಯಾರೋ ದಿನಾ ನೋಡ್ತಿದ್ದಾರೆ ಅಂದ್ರೆ ಅವನಿಗೆ ಸಾಕು.” ಕಾಲರನ್ನು ಮಡಿಚಿ ಪಕ್ಕಕ್ಕಿಟ್ಟಳು. “ಹಸಿರಿದ್ರೆ ಯಾರೂ ಕಾಣಲ್ಲ ಅಂದಿದ್ದೆ ನೀನು.”

“ಅಂದಿದ್ದೆ.”

“ಹಂಗೆ ಹೇಳಬಾರದಿತ್ತು.”

ಸೂಜಿ ತಲೆತಗ್ಗಿಸಿದಳು.

ಮರುದಿನ ಅಕ್ಕ ತಾನೇ ದಾರ ತರಲೆಂದು ಗುಂಡಿ ಅಂಗಡಿಗೆ ಹೋದಳು. ಅಂಗಡಿಯಾತ ದಾರದ ಬಣ್ಣ ಹೊಂದಿಸುತ್ತಾ, “ನಿಮ್ಮ ಕಡೆ ಟೈಲರಮ್ಮ ಒಬ್ಬರು ಬರ್ತಾರಲ್ಲ, ಅವರ ಅಣ್ಣನಿಗೆ ಅವರು ಸಿಕ್ಕಿದ್ರಾ?” ಎಂದ.

“ಯಾವ ಅಣ್ಣ?”

“ನಿನ್ನೆ ಮಧ್ಯಾಹ್ನ ಬಂದಿದ್ರು. ಹೆಗಲಿಗೆ ಕ್ಯಾಮೆರಾ ಚೀಲ. ಫೋಟೋ ತೋರಿಸಿ, ನಮ್ಮ ತಂಗಿ, ಹೊಲಿಗೆ ಮಾಡ್ತಾಳೆ, ಇಲ್ಲಿಗೆ ಬರ್ತಾಳಾ ಅಂದ್ರು. ಎದುರಿನ ಹೋಟ್ಲಲ್ಲಿ ಕೂತು ತುಂಬಾ ಹೊತ್ತು ಕಾದ್ರು. ನನಗೆ ಯಾಕೋ ಸರಿ ಕಾಣಲಿಲ್ಲ, ಗೊತ್ತಿಲ್ಲ ಅಂದುಬಿಟ್ಟೆ.”

ಅಕ್ಕನಿಗೆ ಅಲ್ಲೇ ಲೆಕ್ಕ ತಿಳಿಯಿತು. ಟೈಲರಕ್ಕನಿಗೆ ಅಣ್ಣಂದಿರೇ ಇಲ್ಲ. ನಿನ್ನೆ ಮಧ್ಯಾಹ್ನ ಆ ಮನುಷ್ಯ ಬಂದರಿನಲ್ಲಿ ಮದುವೆ ಫೋಟೋ ತೆಗೆಯುತ್ತಿರಬೇಕಿತ್ತು. ಪುಟದಲ್ಲಿ ಹಾಗೆ ಹಾಕಿದ್ದು ಕೆಲಸಕ್ಕಲ್ಲ, ಗಾಳಕ್ಕೆ. ತನ್ನ ಪುಟವನ್ನು ಹೆಂಡತಿ ನೋಡುತ್ತಾಳೆ, ತಾನು ದೂರವಿದ್ದೇನೆ ಎಂದರೆ ಹೊರಗೆ ಬರುತ್ತಾಳೆ, ಹೊಲಿಗೆಯವಳು ಬಂದರೆ ಊರಿಗೆಲ್ಲ ಒಂದೇ ಆದ ಈ ಗುಂಡಿ ದಾರದ ಅಂಗಡಿಗೇ ಬರುತ್ತಾಳೆ ಎಂದು ಅವನು ಎಣಿಸಿದ್ದ. ಎಣಿಕೆಯಲ್ಲಿ ತಪ್ಪಿರಲಿಲ್ಲ.

ಅಕ್ಕ ಅಲ್ಲಿಂದ ನೆಟ್ಟಗೆ ಹೋದದ್ದು ಪೊಲೀಸ್ ಠಾಣೆಗೆ. ಅವನು ಹೆಂಡತಿಯ ಹತ್ತಿರ ಸುಳಿಯಕೂಡದೆಂದು ಕೋರ್ಟಿನ ಆದೇಶ ಮೊದಲೇ ಇತ್ತು. ಅಂಗಡಿಯಾತ ಬಂದು ಹೇಳಿಕೆ ಕೊಟ್ಟ. ಪೊಲೀಸರು ಟೈಲರಕ್ಕನ ಗಂಡನನ್ನು ಬಸ್ ನಿಲ್ದಾಣದ ಹತ್ತಿರದ ಲಾಡ್ಜಿನಲ್ಲಿ ಹಿಡಿದರು, ಎಚ್ಚರಿಕೆ ಕೊಟ್ಟರು, ಕೇಸು ಹಾಕಿದರು, ಜಾಮೀನಿನ ಮೇಲೆ ಬಿಟ್ಟರು. ಬಿಡುತ್ತಾರೆಂದು ಅಕ್ಕನಿಗೆ ಗೊತ್ತಿತ್ತು. ಅಷ್ಟರೊಳಗೆ ಅವಳು ದೂರದ ಇನ್ನೊಂದು ಊರಿನ ಆಸರೆಮನೆಗೆ ಫೋನು ಮಾಡಿ ಜಾಗ ಗೊತ್ತುಮಾಡಿದ್ದಳು.

ಬುಧವಾರ ಸರಿಯಾದ ರಿಪೇರಿ ಹೊರಬಿತ್ತು. ಏನಾಗಿತ್ತು, ಯಾರಿಗೆ ಏನು ಕಂಡಿರಬಹುದು ಎಂದು ಮುಚ್ಚುಮರೆಯಿಲ್ಲದೆ ಬರೆದು ಹಾಕಿದರು. ಪತ್ರ ಬರೆದು ತೋರಿಸಿಕೊಟ್ಟವರನ್ನು ನಿಮ್ಮ ಹೆಸರು ಹಾಕೋಣವೇ ಎಂದು ಕೇಳಿದ್ದಕ್ಕೆ, ಬೇಡ, ಧನ್ಯವಾದ ಎಂದಷ್ಟೇ ಉತ್ತರ ಬಂತು. ಹೆಬ್ಬೆರಳು ಸವೆದವರು ಕ್ಷಮೆ ಕೇಳಿ ಬರೆದರು, ಉಳಿದವರಲ್ಲಿ ಕೆಲವರು ಬೈಯುತ್ತಲೇ ಇದ್ದರು. ಗುಂಡಿ ಅಂಗಡಿಯ ವಿಷಯವನ್ನು ಸೂಜಿ ಗುಂಪಿಗೆ ಹೇಳಿದಳು, ಊರು ಹೆಸರು ಬಿಟ್ಟು. ಆಮೇಲೆ ತಾತ ಕಟ್ಟುಪಾಡಿನ ಕೆಳಗೆ ಒಂದು ಸಾಲು ಸೇರಿಸಿದರು: ಜೀವಕ್ಕೆ ಅಪಾಯವಿದ್ದರೆ ಮೊದಲು ಬಾಗಿಲು ಜಡಿಯಿರಿ, ರಿಪೇರಿ ಆಮೇಲೆ. ಮುಳ್ಳಿನ ತಮ್ಮ ಕ್ಷೇಮವಾಗಿದ್ದ. ಅದನ್ನು ಮುಳ್ಳು ಹೇಳಲಿಲ್ಲ, ಸೂಜಿಯೇ ಕೇಳಿದಳು. ‘ಇದ್ದಾನೆ’ ಎಂದು ಒಂದೇ ಪದ ಬಂತು.

ಟೈಲರಕ್ಕ ಹೊರಟ ದಿನ ಸೂಜಿ ಕಚೇರಿಗೆ ರಜೆ ಹಾಕಿ ಬಂದಿದ್ದಳು. ಹೊಲಿಗೆ ಯಂತ್ರವನ್ನು ಹಳೇ ಕಂಬಳಿಯಲ್ಲಿ ಸುತ್ತಿ ವ್ಯಾನಿಗೆ ಏರಿಸಲು ಮೂರು ಜನ ಬೇಕಾದರು. ಎಲ್ಲ ಏರಿಸಿದ ಮೇಲೆ ಟೈಲರಕ್ಕ ಫೋನು ತೆಗೆದು ಮುಂದೆ ಹಿಡಿದಳು.

“ಹೊಸದು ಹಾಕಿಕೊಡು.”

“ಟೈಲರಕ್ಕಾ, ಒಂದು ಮಾತು. ಈ ತೂತು ಮುಚ್ಚಿದೆ. ಇನ್ನೊಂದು ಇಲ್ಲ ಅಂತ ನಾನು ಆಣೆ ಇಡಲಾರೆ.”

“ಅದನ್ನ ಮೊದಲನೇ ದಿನ ಹೇಳಿದ್ರೆ ಗೇಟಿನ ಹತ್ರ ಎರಡು ಸಲ ಯೋಚನೆ ಮಾಡ್ತಿದ್ದೆ.” ದನಿಯಲ್ಲಿ ಸಿಟ್ಟು ಇನ್ನೂ ಇತ್ತು, ಮುಚ್ಚುವ ಪ್ರಯತ್ನವೂ ಇರಲಿಲ್ಲ. “ಹಾಕು, ಹಾಕು. ಅವನು ಎಲ್ಲಿದ್ದಾನೆ ಅಂತ ನನಗೆ ಗೊತ್ತಿರಬೇಕು. ಪುಟ ನಂಬಲ್ಲ ಇನ್ಮೇಲೆ, ಆದ್ರೂ ನೋಡ್ತೀನಿ.”

ಸೂಜಿ ಹಾಕಿಕೊಟ್ಟಳು. ಏನು ಕಾಣುವುದಿಲ್ಲ, ಏನು ಕಾಣಬಹುದು, ಯಾವಾಗ ನಂಬಬಾರದು ಎಂದು ವ್ಯಾನಿನ ಚಾಲಕ ಎರಡು ಸಲ ಹಾರ್ನ್ ಹೊಡೆಯುವ ತನಕ ಬಿಡಿಸಿ ಬಿಡಿಸಿ ಹೇಳಿದಳು. ಟೈಲರಕ್ಕ ಎಲ್ಲವನ್ನೂ ಕೇಳಿಸಿಕೊಂಡಳು, ನಡುನಡುವೆ ಪ್ರಶ್ನೆ ಹಾಕಿದಳು, ಕೊನೆಗೆ ಸೂಜಿಯ ಭುಜ ತಟ್ಟಿ ಹತ್ತಿದಳು.

ಆ ವಾರ ಸೂಜಿ ಮರೆಯ ಮೊದಲ ಪುಟಕ್ಕೆ ಒಂದು ಹೊಸ ಭಾಗ ಬರೆದಳು. ತಲೆಬರಹ: ‘ಮರೆ ಏನನ್ನು ಮರೆಮಾಡಲಾರದು’. ಕಂಪ್ಯೂಟರ್ ಗೊತ್ತಿಲ್ಲದವರಿಗೂ ಅರ್ಥವಾಗುವಂತೆ, ಟೈಲರಕ್ಕ ಕೇಳಿದ ಪ್ರಶ್ನೆಗಳನ್ನೇ ಒಂದೊಂದಾಗಿ ಇಟ್ಟುಕೊಂಡು ಬರೆದಳು.

‘ತಮ್ಮ ಅಂಗಡಿಯ ಬಾಗಿಲಿಗೇ ತಮ್ಮ ಸಾಮಾನಿನ ಕೊರತೆ ಬರೆದು ತೂಗುಹಾಕುವವರನ್ನು ನಾನು ನೋಡಿಲ್ಲ’ ಎಂದರು ತಾತ.

‘ಈಗ ನೋಡಿ’ ಎಂದರು ಮುಳ್ಳು. ಹಾಗೆಂದು ಸುಮ್ಮನಿರದೆ ಸೂಜಿ ಬರೆದದ್ದನ್ನು ಮೇಲಿಂದ ಕೆಳಗೆ ಓದಿ, ಎರಡು ಕಡೆ ವಾಕ್ಯ ಉದ್ದವಾಯಿತೆಂದು ಕತ್ತರಿಸಿ, ತಮ್ಮನಿರುವ ಊರಿನಂಥ ಕಡೆ ಇರುವವರಿಗೆ ಬೇಕಾದ ಒಂದು ಪ್ರಶ್ನೆಯನ್ನು ತಾವೂ ಸೇರಿಸಿದರು. ಅಗಸ ಕಾಗುಣಿತ ತಿದ್ದಿದರು. ಪುಟ ಹೊರಗೆ ಹೋಯಿತು. ಸೂಜಿ ಲ್ಯಾಪ್‌ಟಾಪ್ ಮುಚ್ಚಿ, ಬಸ್ಸು ತಪ್ಪೀತೆಂದು ಬೇಗಬೇಗ ತಲೆ ಬಾಚಿಕೊಂಡು ಕೆಲಸಕ್ಕೆ ಹೊರಟಳು.